ಬರುವ ವರ್ಷದ ಗೋಡೆಗಳು

ಡಿಸೆಂಬರಿನ ಕೊನೇ ಗುರುವಾರ ಕೈಗೆ ಬರುತ್ತದೆ ಪಟ್ಟಿ.
ಉಳಿದವರಿಗೆ ದಪ್ಪ ಕಾಗದದ ಪುಸ್ತಕ, ಮಿರುಗುವ ಚಿತ್ರ;
ನನಗೆ ಒಂದೇ ಹಾಳೆ:
ಯಾವ ಕೋಣೆ, ಯಾವ ಬಣ್ಣ, ಎಷ್ಟು ಡಬ್ಬಿ,
ಎಂದಿನೊಳಗೆ ಒಣಗಬೇಕು.

ಮನಾಮಾದ ಈ ಮ್ಯೂಸಿಯಮ್ಮಿನಲ್ಲಿ ವರ್ಷವೆಂದರೆ
ನನ್ನ ಲೆಕ್ಕಕ್ಕೆ ಮೂರು ಸಲ ಬಳಿಯುವುದು.

ಜನವರಿ. ಮುತ್ತಿನ ವ್ಯಾಪಾರಿಗಳ ತಕ್ಕಡಿ, ಜರಡಿ,
ಕೆಂಪು ಬಟ್ಟೆಯ ಗಂಟು, ಮುಳುಗುತ್ತಿದ್ದವರ ಸಾಲದ ಖಾತೆ.
ಕಡುನೀಲಿ, ಎರಡು ಕೋಟು.
ಒಳಗೆ ನುಗ್ಗಿದ ಕಸಕ್ಕೆ ಚಿಪ್ಪು ಬಳಿದೂ ಬಳಿದೂ
ಮುತ್ತು ಮಾಡುತ್ತದೆಂದು ಫಲಕದ ಕರಡಿನಲ್ಲಿದೆ, ಎರಡು ಭಾಷೆಯಲ್ಲಿ.
ರೋಕನ್ ಓದಿಸಿಕೊಂಡು ನಕ್ಕ:
‘ಬಳಿದೂ ಬಳಿದೂ ನಮಗೇನಾಯಿತು, ಭುಜ ನೋವು.’

ಏಪ್ರಿಲ್. ಬೈರೂತಿನ ಒಬ್ಬಾಕೆ ಮಾಡಿದ ಕುರ್ಚಿಗಳು,
ಯಾರೂ ಕೂರುವಂತಿಲ್ಲ.
ಬಿಳಿ ಬೇಕಂತೆ. ಆಸ್ಪತ್ರೆಯ ಬಿಳಿಯಲ್ಲ, ಹಲ್ಲಿನ ಬಿಳಿಯಲ್ಲ;
ಮಜ್ಜಿಗೆ ಹುಳಿಗೆ ತಿರುಗುವ ಮುಂಚಿನ ಬಿಳಿ
ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.
ಹದಿನಾರು ತುಂಡು ಹಲಗೆಗೆ ಹದಿನಾರು ಬಳಿದು ತೋರಿಸುವುದು,
ಅವರು ತಲೆ ಓರೆ ಮಾಡಿ, ಹಿಂದೆ ಸರಿದು, ಮುಂದೆ ಬಂದು
ಮೊದಲನೆಯದನ್ನೇ ಆರಿಸುವುದು.

ಜುಲೈ. ಬರೀ ಗೀಟು.
ಹೊರಗೆ ಬಿಸಿಲು ಡಾಂಬರು ಬೇಯಿಸುವಾಗ
ಒಳಗೆ ಇಪ್ಪತ್ತೊಂದು ಡಿಗ್ರಿ.
ಚಿತ್ರವಿಲ್ಲದ ಗೋಡೆಗೂ ಅಷ್ಟೇ ತಂಪು ಕೊಡುತ್ತಾರೆ.
ಬುತ್ತಿ ಉಂಡು ಅದಕ್ಕೆ ಬೆನ್ನು ಕೊಟ್ಟು ಕೂತರೆ
ಕಾವಲಿನ ಗುರುಂಗ್ ಆಚೆ ನೋಡುತ್ತಾನೆ, ಪುಣ್ಯಾತ್ಮ.

ಅಕ್ಟೋಬರಿನ ಸಾಲಿಗೆ ಬಂದು
ಕನ್ನಡಕ ಒರೆಸಿ ಇನ್ನೊಮ್ಮೆ ಓದಿದೆ.
ಬಣ್ಣ: ಇಲ್ಲ. ಡಬ್ಬಿ: ಸೊನ್ನೆ.
ಕಲಾವಿದೆ: ಲುಲ್ವಾ, ಮುಹರ್ರಕ್‌ನವಳು.
ಸಾಮಗ್ರಿ: ಗೋಡೆ.

ಉಜ್ಜುಕಾಗದ ಹಿಡಿದು ಗುಂಡಗೆ ಕೆರೆಯುತ್ತಾಳಂತೆ,
ಬಳಿದದ್ದೆಲ್ಲ ಬಳೆ ಬಳೆಯಾಗಿ ಏಳುವಂತೆ,
ಗಾರೆ ಕಾಣುವ ತನಕ.
ಹನ್ನೊಂದು ವರ್ಷ, ಮೂವತ್ತಮೂರು ಬಣ್ಣ.
ಕೋಣೆ ಎರಡೂ ಮಗ್ಗುಲಿಂದ ಉಗುರಿನಷ್ಟು ಕಿರಿದಾಗಿದೆ.
ಅದು ನನಗೆ ಗೊತ್ತು, ನನ್ನ ಏಣಿಗೆ ಗೊತ್ತು.

ಮೊನ್ನೆ ಬಂದಿದ್ದಳು. ಅರ್ಧ ಹಿಂದಿ, ಅರ್ಧ ಅರಬ್ಬಿಯಲ್ಲಿ
ಯಾವುದರ ಮೇಲೆ ಯಾವುದು ಎಂದು ಕೇಳಿದಳು.
ಮಗ್ಗಿ ಒಪ್ಪಿಸಿದ ಹಾಗೆ ಹೇಳಿದೆ:
ಕಡುಗೆಂಪು, ಬೂದಿ, ಬಿಳಿ, ಬಿಳಿ, ಒಣ ಖರ್ಜೂರ,
ದಾಳಿಂಬೆ ಸಿಪ್ಪೆಯ ಒಳಗಿನ ಹಳದಿ, ಮತ್ತೆ ಬಿಳಿ...
ಎಲ್ಲ ಬರೆದುಕೊಂಡಳು.
ಕೊನೆಗೆ ನನ್ನ ಹೆಸರು. ಒಂದೊಂದೇ ಅಕ್ಷರ, ಎರಡು ಸಲ.
ಫಲಕಕ್ಕೋ ಗೇಟ್ ಪಾಸಿಗೋ, ಅವಳು ಹೇಳಲಿಲ್ಲ,
ನಾನು ಕೇಳಲಿಲ್ಲ.

ಒಂದನ್ನು ಹೇಳದೆ ಬಿಟ್ಟಿದ್ದೇನೆ.
ಆ ಮೊದಲ ಬೂದಿ ಬಣ್ಣದ ಕೆಳಗೆ,
ಕಾಗದ ಸಿಗದ ಒಂದು ಮಧ್ಯಾಹ್ನ, ಪೆನ್ಸಿಲ್ಲಿನಲ್ಲಿ,
ಈ ಊರಿನ ಗೋಡೆ ಕಂಡಿರದ ಲಿಪಿಯಲ್ಲಿ:
ಉಪ್ಪು. ಈರುಳ್ಳಿ. ರೀಚಾರ್ಜು.
ಬಾಗಿಯ ಕಿವಿಗೆ ಎಂಟು ಸಾವಿರ.
ಎಂಟು ಸಾವಿರದ ಕೆಳಗೆ ಎರಡು ಗೀಟು.
ಓಲೆಗೋ, ಡಾಕ್ಟರಿಗೋ?
ಕೊಟ್ಟೆನೇ, ಮುಂದಿನ ತಿಂಗಳೆಂದು ಬಣ್ಣ ಹೊಡೆದೆನೇ?

‘ಎಲ್ಲಿಂದ ಶುರು ಮಾಡಲಿ?’
ಲುಲ್ವಾ ಅಂಗೈಯಿಂದ ಗೋಡೆ ಸವರುತ್ತಾ ಬಂದಳು,
ಕುದುರೆಯ ಮೈ ತಡವುವ ಹಾಗೆ,
ಬಂದು ಬಂದು ಅಲ್ಲೇ, ಎದೆಯೆತ್ತರಕ್ಕೆ, ನಿಂತಳು.

‘ಇಲ್ಲಿ ಬೇಡ, ಒಳಗೆ ವೈರು ಇದೆ’ ಎಂದೆ.

ವೈರು ಇಲ್ಲ.

ಎರಡು ಮೊಳ ಆಚೆ ಗುರುತು ಹಾಕಿ ಹೋದಳು.
ಹಾಳೆಯ ತಳದಲ್ಲಿ ಇನ್ನೊಂದು ಸಾಲು ಉಳಿದಿತ್ತು:
ಡಿಸೆಂಬರ್. ವೃತ್ತಕ್ಕೆ ಪುಟ್ಟಿ ತುಂಬಿ ಮುಚ್ಚುವುದು.
ಬಿಳಿ. ಎರಡು ಕೋಟು.

ಯಾವ ಬಿಳಿ ಎಂದು ಬರೆದಿಲ್ಲ.