ಕಾಟಾದ ಮೇಲೆ ಬಳ್ಳೊಳ್ಳಿ

ಕಾರಟಗಿಯ ಅಕ್ಕಿ ಗಿರಣಿಯಲ್ಲಿ
ಲಾರಿಗಳ ತೂಕ ಬರೆಯುವವನು ನಾನು.
ತುಂಬಿದ ಲಾರಿ, ಖಾಲಿ ಲಾರಿ, ಕಳೆದು ಉಳಿದದ್ದು.
ಹತ್ತೊಂಬತ್ತು ವರ್ಷ ಇದೇ ಒಂದು ಲೆಕ್ಕ.

ನನ್ನ ಕಿಟಕಿಯ ಹಿಂದೆ, ಕಂಪೌಂಡಿಗೆ ಆತು,
ಟಾಂಕಿಯ ನೀರು ಸೋರಿ ಹಸಿಯಾಗುವ ಆರು ಮಾರು ಎರೆನೆಲ.
ಕಸ ಹೊಡೆಯುವ ಹುಲಿಗೆವ್ವ ಮೂರು ವರ್ಷದಿಂದ
ಸಾಹುಕಾರರನ್ನು ಕೇಳದೆ ಅಲ್ಲಿ ಬಳ್ಳೊಳ್ಳಿ ಊರುತ್ತಾಳೆ.
ದೀಪಾವಳಿ ಕಳೆದ ಮೇಲೆ, ಗೇಣಿಗೆ ಎರಡೆಸಳು,
ಚೂಪು ತುದಿ ಮೇಲಕ್ಕೆ.
"ತಲಿಕೆಳಗ ಊರಿದ್ರೂ ಹುಟ್ಟತೈತಿ,
ಆದ್ರ ಡೊಂಕ ಹುಟ್ಟತೈತಿ, ನಮ್ಮ ಮಾಲಕನಂಗ."

ಮೊದಲ ವರ್ಷ ಭತ್ತದ ಹೊಟ್ಟು ಹೊದಿಸಿದ್ದಳು.
ಗಿರಣಿಯಲ್ಲಿ ಹೊಟ್ಟಿಗೇನು ಬರ?
ಮೂರನೇ ದಿನ ಮೂಡಗಾಳಿ ಎದ್ದು
ಹೊಟ್ಟೆಲ್ಲ ಖಾಜಾಬಿಯ ಒದ್ದೆ ಚಾದರಗಳ ಮೇಲೆ ಕೂತಿತು.
ಆ ಜಗಳ ಕೇಳುತ್ತ ನಾನು ಒಂದು ಲಾರಿಗೆ
ಎರಡು ಕ್ವಿಂಟಲ್ ತಪ್ಪಿ ಬರೆದೆ.
ಮರುವರ್ಷ ಶೇಂಗಾ ಸಿಪ್ಪೆ.
ಸಿಪ್ಪೆಯಲ್ಲಿ ಉಳಿದ ಕಾಳಿಗೆ ಇಲಿ ಬಂತು,
ಇಲಿಯ ಹಿಂದೆ ಹಾವು, ಹಾವಿನ ಹಿಂದೆ ಇಡೀ ಓಣಿ.
ಹಾವು ತಪ್ಪಿಸಿಕೊಂಡಿತು. ಮಡಿ ಉಳಿಯಲಿಲ್ಲ.

ಈ ವರ್ಷ ಭತ್ತದ ಹುಲ್ಲು.
ಮಷೀನು ಕೊಯ್ದು ಬಿಟ್ಟ ಗದ್ದೆಯ ಬದುವಿನಲ್ಲಿ
ಯಮನೂರಪ್ಪ ಬೆಂಕಿ ಇಡಲು ಕೂತಿದ್ದ.
ಅವನ ಬೀಡಿ ಹಚ್ಚಿಕೊಟ್ಟು ಹುಲಿಗೆವ್ವ
ಕಡ್ಡಿಪೆಟ್ಟಿಗೆ ತನ್ನ ಉಡಿಗೆ ಹಾಕಿಕೊಂಡಳು.
"ಎಂಟು ಹೊರಿ ಕೊಟ್ರ ಪೆಟ್ಟಿಗಿ ಕೊಡತೀನಿ."
ಕೊಟ್ಟ. ಉಳಿದದ್ದನ್ನು ಸುಟ್ಟ.
ಊರಿಗೆ ಈ ವರ್ಷವೂ ಎಂಟು ದಿನ ಕೆಮ್ಮು.

ತೋಯಿಸಿ ಹಾಸಿದಳು, ನಾಲ್ಕು ಬೆರಳು ದಪ್ಪ,
ಗೆದ್ದಲಿಗೆ ಹೆದರಿ ನಡುನಡುವೆ ಬೇವಿನೆಲೆ.
ಹತ್ತನೇ ದಿನ ಹುಲ್ಲಿನ ಸಂದಿಯಿಂದ ಹಸಿರು ಸೂಜಿಗಳು,
ಯಾರೋ ಒಳಗೆ ಕೂತು ಕೌದಿ ಹೊಲಿಯುತ್ತಿರುವ ಹಾಗೆ.
ಕೆಲವು ಬರಲಿಲ್ಲ. ಅವನ್ನು ಬೆರಳಿಂದ ಹುಡುಕಿ,
ಬಾಣಂತಿ ಕೋಣೆಯ ಪರದೆ ಸರಿಸುವಷ್ಟೇ
ಹುಲ್ಲು ಸರಿಸಿದಳು.

ಮಾಘದ ಬಿಸಿಲಿಗೆ ಸುತ್ತಲ ಎರೆ ಬಿರಿಯಿತು.
ಆ ಬಿರುಕಿಗೆ ಬಿದ್ದ ನನ್ನ ಪೆನ್ನು ಇನ್ನೂ ಸಿಕ್ಕಿಲ್ಲ.
ಅವಳು ಹುಲ್ಲೆತ್ತಿ ತೋರಿಸಿದಳು:
ಕೆಳಗೆ ನಾದಿದ ಹಿಟ್ಟಿನಂಥ ಮಣ್ಣು, ಎರೆಹುಳ,
ಬಿಳಿ ಬೂಸಿನ ಎಳೆ, ಮಳೆ ಇಲ್ಲದೆಯೂ ಮಳೆಯ ವಾಸನೆ.
ಕೈಯಿಟ್ಟೆ. ತೆಗೆಯಲು ಮನಸ್ಸಾಗಲಿಲ್ಲ.
ಅಷ್ಟರಲ್ಲಿ ಹಾರ್ನು. ಸಿಂಧನೂರಿನ ಲಾರಿ.

ಎಲೆ ಹಳದಿಗೆ ತಿರುಗಿದಾಗ ನೀರು ನಿಲ್ಲಿಸಿ
ಉಳಿದ ಹೊದಿಕೆ ಬದಿಗೆಳೆದಳು.
"ಸಾಕಿನ್ನ ಜ್ವಾಕಿ. ಭಾಳ ಮುಚ್ಚಿದ್ರ ಕೊಳಿತಾವ."
ಹಾಗಂದು ತಲೆಯ ಮೇಲಿನ ಸೆರಗನ್ನೂ ಇಳಿಸಿದಳು.
ಸೆಕೆ.

ಯುಗಾದಿಗೆ ನಾಲ್ಕು ದಿನ ಇರುವಾಗ
ಜಡೆ ಹೆಣೆದ ಗಡ್ಡೆಗಳನ್ನು ಹೆಗಲಿಗೆ ಹಾಕಿಕೊಂಡು
ಕಾಟಾದ ಮೇಲೆ ಬಂದು ನಿಂತಳು.
"ಹದಿನಾರು ಗಾಲಿಯ ಲಾರಿ ನಿಲ್ಲೋ ಜಾಗ ಇದು" ಅಂದೆ.
"ನಾ ಎರಡು ಕಾಲಿನಾಕಿ. ತೂಗು."
ಗಡ್ಡೆಯೊಡನೆ ಎಂಬತ್ತು. ಬರಿಗೈಲಿ ಐವತ್ತು.
ಹತ್ತು ಕಿಲೋಕ್ಕಿಂತ ಸಣ್ಣದು ಈ ಯಂತ್ರಕ್ಕೆ ಕಾಣುವುದಿಲ್ಲ.
ಮೂವತ್ತು ಅಂತ ಚೀಟಿ ಬರೆದೆ.

ಓದು ಬಾರದವಳು ಚೀಟಿ ತಿರುಗಿಸಿ ತಿರುಗಿಸಿ ಕೇಳಿದಳು:
"ಎಂಟು ಹೊರಿ ಹುಲ್ಲು ಹಾಕಿದ್ನೆಲ್ಲ,
ಈಗ ಒಂದು ಬುಟ್ಟಿನೂ ಉಳದಿಲ್ಲ.
ಅದನ್ನ ಎಲ್ಲಿ ಬರದಿ?"

ಲಾರಿ ನಂಬರಿನ ಜಾಗ ಖಾಲಿ ಇತ್ತು.
ಅಲ್ಲಿ 'ಹುಲ್ಲು' ಅಂತ ಬರೆದೆ.
ಸಂಜೆ ಪುಸ್ತಕ ನೋಡಿದ ಸಾಹುಕಾರರು
ಇದ್ಯಾವ ಊರಿನ ಗಾಡಿ ಎಂದರು.
ನನ್ನ ಡ್ರಾದಲ್ಲಿದ್ದ ಎರಡು ಗಡ್ಡೆ
ನಾನು ಬಾಯಿ ತೆರೆಯುವ ಮೊದಲೇ ವಾಸನೆ ಹೇಳಿಬಿಟ್ಟವು.