ಅರದ ಗೀರು

ಬಿಲ್ಬಾವೊದ ಹರಾಜಿನಲ್ಲಿ ನಾನೂರ ಹತ್ತು ಯೂರೊಗೆ ನನಗೇ ನಿಂತಿತು.
ಕೂಗುವವನಿಗೆ ಬೇಸರ. ಎದುರಿಗೆ ಒಬ್ಬನೇ ಇದ್ದ,
ಅವನೂ ಕೆಮ್ಮುತ್ತ ಕೈ ಇಳಿಸಿದ.

ಏಯ್ಬರ್‌ಗೆ ಬಸ್ಸಿನಲ್ಲಿ ತಂದೆ,
ಕಾಗದಪತ್ರ ಸಮೇತ, ಮಡಿಲಲ್ಲಿಟ್ಟುಕೊಂಡು.

ಅಡುಗೆಮನೆಯ ಮೇಜಿಗೆ ಹಳೇ ಪೇಪರು ಹಾಸಿ ಬಿಚ್ಚಿದೆ:
ಸ್ಪ್ರಿಂಗು, ನಳಿಗೆ, ಮೇಲಿನ ಜಾರುಪಟ್ಟಿ.
ಕುದುರೆ ಇನ್ನೂ ಚುರುಕು.
ಅಂಚಿನಲ್ಲಿ ನೀಲಿ ಸವೆದು ಬಿಳಿ ಉಕ್ಕು ಇಣುಕುತ್ತದೆ,
ಒಗೆದೊಗೆದು ತೆಳುವಾದ ಕಾಲರಿನಂತೆ.

ಎಲ್ಲರೂ ನೋಡುವುದು ಹೊರಗಿನ ಹೊಳಪು.
ನಾನು ದೀಪ ಹಿಡಿದದ್ದು ಪಟ್ಟಿಯ ಒಳಮೈಗೆ.
ಅಲ್ಲಿ ಅರದ ಗೀರುಗಳು
ಎಲ್ಲರ ಗೀರು ವಾಲುವ ದಿಕ್ಕಿಗೆ ಬೆನ್ನು ಮಾಡಿ ವಾಲಿದ್ದವು.

ಇಡೀ ಕಾರ್ಖಾನೆಗೆ ಎಡಚ ಒಬ್ಬನೇ ಎನ್ನುತ್ತಿದ್ದಳು ಅಮ್ಮ,
ಅವಳಪ್ಪ ತೊರಿಬಿಯೊ.
ಸೂಪು ಕುಡಿವಾಗಲೂ ಪಕ್ಕದವನ ಮೊಣಕೈಗೆ ತಾಗಿ
ಬೈಸಿಕೊಳ್ಳುತ್ತಿದ್ದನಂತೆ.

ಉಗುರಿನಿಂದ ಸವರಿದೆ. ಹೌದು, ಅಜ್ಜ.

ಆಮೇಲೆ ಅಕ್ರೋಟು ಮರದ ಹಿಡಿ ತಿರುವಿದರೆ
ಕೆತ್ತನೆ ಅಳಿಸಿಹೋಗಿ ನುಣುಪಾದ ಒಂದು ತಗ್ಗು:
ಬಲಗೈ ಹೆಬ್ಬೆರಳಿನದು.
ಯಾರದೆಂದು ಹರಾಜಿನ ಚೀಟಿಯಲ್ಲಿಲ್ಲ.
ನಾನೂ ಕೇಳಿರಲಿಲ್ಲ.

ಎಣ್ಣೆಬಟ್ಟೆ ಸುತ್ತಿ ಒಳಗಿಟ್ಟೆ.
ಕೈ ಎರಡು ಸಲ ತೊಳೆದೆ.