ದಾರ ಬಾಗಿದಲ್ಲಿ

ಅಮ್ಮತ್ತಿಯಾಚೆ, ಕಾಫಿ ಕಣದ ಸಿಮೆಂಟಿನ ಮೇಲೆ
ಸೀಮೆಸುಣ್ಣದ ಚೌಕ ಎಳೆದೆವು, ಗೇಣಿಗೆ ಹತ್ತಡಿ.
ಒಡೆದ ಹೆಂಚು ಗೋಡೆ, ಬೆಂಕಿಪೊಟ್ಟಣ ಬುರುಜು,
ಕಾವಲಿಗೆ ಹನ್ನೆರಡು ರೊಬಸ್ಟಾ ಬೀಜ.

ಕೋಟೆ ಹಂಝನದು.
ಆರು ಭಾನುವಾರ ಉಳಿಸಿದ, ಎಲ್ಲೂ ಇಲ್ಲದ ಚಿನ್ನದಲ್ಲಿ ಕಟ್ಟಿಸಿದ್ದು.
ಕಲ್ಲಿನ ದಪ್ಪ ಬರೆದಿಟ್ಟಿದ್ದಾನೆ, ಬಾವಿಯ ಆಳ ಬರೆದಿಟ್ಟಿದ್ದಾನೆ,
ಅಡುಗೆಯವಳಿಗೂ ಹೆಸರಿಟ್ಟಿದ್ದಾನೆ: ಪಾತುಮ್ಮ.
ಅವಳು ಒಂದು ಏಲಕ್ಕಿ.

ಆಟ ನಡೆಸುವವನು ನಾನು.
ಗಾಳಿ ಮಳೆ ನನ್ನದು, ಶತ್ರು ನನ್ನವನು.
ನನ್ನ ಮಾಂತ್ರಿಕ ದಿಬ್ಬದ ಮೇಲೆ ನಿಂತು ಒಂದುಂಡೆ ಬೆಂಕಿ ಎಸೆದ.
ಬಿದ್ದಲ್ಲಿಂದ ಇಪ್ಪತ್ತಡಿ, ಸುತ್ತಲೂ.
ಅಷ್ಟೇ, ಆಟ ನಿಂತಿತು.

‘ಗೋಡೆ ಇದೆಯಲ್ಲ’ ಎಂದ ಹಂಝ.
‘ಸೂರಿಲ್ಲವಲ್ಲ’ ಎಂದೆ.
ನಿಯಮದ ಪುಸ್ತಕ ವಿರಾಜಪೇಟೆಯ ಜೆರಾಕ್ಸು,
ಬೇಕಾದ ಸಾಲನ್ನೇ ಯಂತ್ರ ನುಂಗಿತ್ತು:
‘ಬೆಂಕಿ ಮೂಲೆಗಳನ್ನು ಸುತ್ತಿ’, ಆಮೇಲೆ ಬರೀ ಮಸಿ.

ಸರ್ವೆ ಇಲಾಖೆಯ ದೇಚಮ್ಮ ಚೀಲದಿಂದ ದಾರದುಂಡೆ ತೆಗೆದಳು.
‘ಸಿಡಿದ ಚುಕ್ಕಿಯಿಂದ ಬೀಜಕ್ಕೆ ಹಿಡಿ.
ನೆಟ್ಟಗೆ ಮುಟ್ಟಿದರೆ ಸತ್ತ. ಬಾಗಿದರೆ ಬದುಕಿದ.
ಬೇಲಿ ಜಗಳವೆಲ್ಲ ನಾನು ತೀರಿಸುವುದು ಹೀಗೇ.’
ಏಳು ಸತ್ತವು. ಐದು ಹೆಂಚಿನ ಮರೆಗೆ ಉಳಿದವು.
ಪಾತುಮ್ಮನ ಎದುರಿಗೇ ಒಂದು ಕಿಂಡಿ ಇತ್ತು,
ಬಾಣ ಬಿಡಲೆಂದು ಹಂಝನೇ ಇರಿಸಿದ್ದು.
ದಾರ ಅದರೊಳಗೆ ಹೋಯಿತು, ತಾಗಿತೋ ಇಲ್ಲವೋ
ಮೂವರು ಮೂರು ಕಡೆಯಿಂದ ಬಗ್ಗಿ ನೋಡಿದೆವು.

ಕಾಫಿ ಎಳೆಯುವ ಹಲಗೆ ಹಿಡಿದು ಮುತ್ತಿ ಬಂದಳು.
‘ಇಲಿ ಬಿಲಕ್ಕೆ ಹೊಗೆ ಹಾಕಿದ್ದೀರಾ ಯಾವಾಗಲಾದರೂ?
ಬಿಲ ಎಲ್ಲಿ ತಿರುಗುತ್ತೋ ಹೊಗೆಯೂ ಅಲ್ಲೇ ತಿರುಗುತ್ತೆ.
ಏಳಿ, ನಂಗೆ ಕಾಫಿ ಹರಡಬೇಕು.’

ಆಗ ಉತ್ತಯ್ಯನಿಗೆ ಕಡಂಗ ನೆನಪಾಯಿತು.

ತೋಟದ ಗಡಿಗೇ ಇದೆ. ಯಾವ ರಾಜನದೋ, ಯಾವ ನಾಡಿನದೋ,
ಇಬ್ಬರನ್ನು ಕೇಳಿದರೆ ಮೂರು ಉತ್ತರ.
ನೆಲದೊಳಕ್ಕೆ ಕಟ್ಟಿದ ಗೋಡೆ, ತಲೆಕೆಳಗಾಗಿ.
ಒಂದೆಡೆ ಆನೆ ದಂಡೆ ಮೆಟ್ಟಿ ಕೆಡವಿ ದಾಟಿ ಹೋಗಿದೆ,
ಅದು ಯಾವ ದಾಳವನ್ನೂ ಉರುಳಿಸಿರಲಿಲ್ಲ.

ಉತ್ತಯ್ಯ ಇಳಿದು ತಳದಲ್ಲಿ ಬೋರಲು ಮಲಗಿದ.
ನಾನು ಎಂಟು ಹೆಜ್ಜೆ ಹಿಂದೆ, ಸಿಡಿಯುವ ಚುಕ್ಕಿಯಾಗಿ ನಿಂತೆ.
ದಾರ ಅಂಚಿಗೆ ತಾಗಿತು, ಜರೀಗಿಡವೊಂದರ ಮೇಲೆ ಮಣಿಯಿತು.
‘ಬದುಕಿದ’ ಎಂದಳು ದೇಚಮ್ಮ, ಪಟ್ಟೆ ಬರೆಯುವ ಗತ್ತಿನಲ್ಲಿ.
ಹಂಝ ಗೆದ್ದಿದ್ದ. ಆದರೂ ಕೂಗಿದ,
‘ಉತ್ತಯ್ಯಾ, ಕೇಳಿಸ್ತಾ?’
‘ಕೇಳಿಸ್ತು.’

ದಾರ ಬಾಗಿದ ಜಾಗದಲ್ಲೇ ಸದ್ದೂ ಬಾಗಿ ಇಳಿದಿತ್ತು.
ಬಿಸಿ ಯಾರ ಕಡೆಯ ನೆಂಟ? ಬೆಳಕಿನದೋ, ಸದ್ದಿನದೋ?
ಹಂಝನ ಮುಖ ನೋಡಲಾಗಲಿಲ್ಲ,
ತನ್ನ ಗೋಡೆಗೆ ತಾನೇ ತೂತು ಕೊರೆದವನ ಮುಖ.
ಯಾರೂ ಮಾತಾಡಲಿಲ್ಲ ಸ್ವಲ್ಪ ಹೊತ್ತು.
ಮೊದಲು ಇಲ್ಲಿ ಮಲಗಿದ್ದವರು
ಯಾವ ಲೆಕ್ಕ ಹಿಡಿದು ಕಿವಿಗೊಟ್ಟಿದ್ದರೋ ಮೇಲಕ್ಕೆ.

ನೋಟುಬುಕ್ಕಿನಲ್ಲಿ ಬರೆದೆ:
ತಳದಲ್ಲಿ ಮಲಗಿದವನಿಗೆ ಅರ್ಧ ಬೆಂಕಿ.
ಎದ್ದು ನೋಡಿದವನಿಗೆ ಪೂರ್ತಿ.
ಅಷ್ಟರಲ್ಲಿ ಉತ್ತಯ್ಯ ಎದ್ದು ನಿಂತು, ಕಿವಿಯ ಮಣ್ಣು ಕೊಡವುತ್ತ
ಕೇಳಿದ, ‘ನಾನು ಸತ್ತೆನಾ, ಇಲ್ವಾ?’

ವಾಪಸು ಬಂದರೆ ಕಣದ ತುಂಬ ಕಾಫಿ.
ಚೌಕವಿಲ್ಲ, ಬುರುಜಿಲ್ಲ, ಹೆಂಚು ಮೂಲೆಯಲ್ಲಿ ಪೇರಿಸಿಟ್ಟಿದೆ.
ಸತ್ತ ಏಳು, ಉಳಿದ ಐದು, ಮೂರು ಮೂಟೆಯೊಳಗೆ ಸೇರಿಹೋಗಿವೆ.
ಏಲಕ್ಕಿಯೊಂದನ್ನು ಮಾತ್ರ ಮುತ್ತಿ
ಜಗಲಿ ಅಂಚಿನಲ್ಲಿ ಎತ್ತಿಟ್ಟಿದ್ದಳು.

‘ಪಾತುಮ್ಮನದು ಇನ್ನೂ ಬಾಕಿ’ ಎಂದ ಹಂಝ.
ಹನ್ನೆರಡರ ಮೇಲೆ ಬಿದ್ದರೆ ಅರ್ಧ, ಕೆಳಗೆ ಬಿದ್ದರೆ ಪೂರ್ತಿ.
ಇಪ್ಪತ್ತು ಮುಖದ ದಾಳವನ್ನು ಅಂಗೈಯಲ್ಲಿ ಕುಲುಕಿ
ಕಣ್ಣು ಮುಚ್ಚಿ ಎಸೆದ. ಜೋರಾಗಿ ಎಸೆದ.
ಅದು ಜಗಲಿಯಿಂದ ಪುಟಿದು ಕಾಫಿಗೆ ಬಿತ್ತು.

ನಾಲ್ವರೂ ಮಂಡಿಯೂರಿ ಹುಡುಕುತ್ತಿದ್ದೇವೆ.
‘ಕಾಲಲ್ಲಿ ಕದಡಬೇಡಿ,’ ಅನ್ನುತ್ತಾನೆ ಹಂಝ,
‘ಬಿದ್ದ ಮುಖ ಮಗುಚಬಾರದು.’